ಮುಖವೆಂದರೆ ರೊಟ್ಟಿ ಹಂಚಲ್ಲ

ಗಂಡಸು ಐವತ್ತು ದಾಟಿದ ಮೇಲೆ ಕನ್ನಡಿಯ ಮುಂದೆ ಎರಡೇ ಕೆಲಸಕ್ಕೆ ನಿಲ್ಲಬೇಕು, ಒಂದು ಗಡ್ಡ ಮಾಡಿಕೊಳ್ಳಲು, ಇನ್ನೊಂದು ಕಣ್ಣಿಗೆ ಬಿದ್ದ ಕಸ ತೆಗೆಯಲು ಎಂಬುದು ನಮ್ಮ ಕಡೆ ಯಾರೂ ಬರೆದಿಡದ ಕಾನೂನು. ಮೂರನೆಯ ಕೆಲಸಕ್ಕೆ ನಿಂತವನನ್ನು ಮನೆಯವರು ಅನುಮಾನದಿಂದ ನೋಡುತ್ತಾರೆ. ನಾನು ಹೋದ ವರ್ಷ ಆ ಮೂರನೆಯ ಕೆಲಸಕ್ಕೇ ನಿಂತೆ. ಒಂದು ದಿನವಲ್ಲ, ಎರಡು ತಿಂಗಳು. ಕೊನೆಗೆ ಗೆದ್ದೆ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ನಡುವೆ ಬರುವ ಸಂಗತಿಗಳನ್ನು ಓದಿದ ಮೇಲೆ ಹೇಳಿದರೆ ನೀವು ನಂಬುವುದು ಕಷ್ಟ.

ನಾನು ದೈಹಿಕ ಶಿಕ್ಷಕ. ಮನೆ ಕುಬಿಹಾಳದಲ್ಲಿ, ಹೈಸ್ಕೂಲು ಸಂಶಿಯ ಕಡೆ. ಮೂವತ್ತೊಂದು ವರ್ಷ ಮೈದಾನದ ಬಿಸಿಲಿನಲ್ಲಿ ಸೀಟಿ ಊದಿದ್ದೇನೆ. ಉಳಿದ ಮಾಸ್ತರರು ನೆರಳಿನಲ್ಲಿ ಕುಳಿತು ಸೀಮೆಸುಣ್ಣ ಮೆತ್ತಿಕೊಂಡು ವರ್ಷದಿಂದ ವರ್ಷಕ್ಕೆ ಬೆಳ್ಳಗಾಗುತ್ತಿದ್ದರೆ, ನನ್ನ ಮುಖದ ಮೇಲೆ ಬಿಸಿಲು, ಬೆವರು, ಎರೆಮಣ್ಣಿನ ಧೂಳು ಪದರ ಪದರವಾಗಿ ಸಂಸಾರ ಹೂಡಿದ್ದವು. ಬಣ್ಣದ ಬಗ್ಗೆ ನನಗೆ ತಕರಾರಿಲ್ಲ. ನಮ್ಮಪ್ಪನೂ ಕಪ್ಪು, ನಮ್ಮ ಹೊಲವೂ ಕಪ್ಪು. ಇಬ್ಬರೂ ನನಗೆ ಹೊಟ್ಟೆ ತುಂಬ ಹಾಕಿದ್ದಾರೆ. ತಕರಾರಿದ್ದುದು ಮೇಲ್ಮೈಯ ಬಗ್ಗೆ. ಗಲ್ಲದ ಮೇಲೆ ಕೈಯಾಡಿಸಿದರೆ ಹಳೆಯ ಗೋಡೆ ಸವರಿದಂತೆ ಪುಡಿ ಉದುರುತ್ತಿತ್ತು. ಆದರೂ ಅದು ನನಗೊಂದು ತೊಂದರೆ ಎಂದು ಅನ್ನಿಸಿರಲಿಲ್ಲ, ಈರಣ್ಣ ಹೇಳುವವರೆಗೆ.

ನನ್ನ ನಿವೃತ್ತಿ ಹತ್ತಿರ ಬಂದಿತ್ತು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಗುರುವಂದನೆ ಮಾಡುತ್ತೇವೆ, ಫ್ಲೆಕ್ಸ್ ಕಟ್ಟಿಸುತ್ತೇವೆ, ಒಂದು ಒಳ್ಳೆಯ ಫೋಟೋ ಕೊಡಿ ಎಂದರು. ನಾನು ಮುಖಕ್ಕೆ ಎರಡು ಸಲ ಸೋಪು ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು, ಸಂಶಿಯ ಫೋಟೋ ಸ್ಟುಡಿಯೋಕ್ಕೆ ಹೋದೆ. ಸ್ಟುಡಿಯೋದ ಈರಣ್ಣ ಕ್ಯಾಮೆರಾದಲ್ಲಿ ಇಣುಕಿ, ತಲೆಯೆತ್ತಿ ನೋಡಿ, ಮತ್ತೆ ಇಣುಕಿ ಹೇಳಿದ: "ಸರ್, ಹೊರಗ ನಳಾ ಐತಿ. ಒಂಚೂರು ಮುಖಾ ತೊಳ್ಕೊಂಡ ಬರ್ರಿ." ತೊಳೆದುಕೊಂಡೇ ಬಂದಿದ್ದೇನೆ ಎನ್ನಲು ನಾಲಗೆ ಏಳಲಿಲ್ಲ. ಸುಮ್ಮನೆ ಹೋಗಿ ಮೂರನೆಯ ಸಲ ತೊಳೆದುಕೊಂಡು ಬಂದೆ. ಅವನು ಮತ್ತೆ ಇಣುಕಿದ. ಆಮೇಲೆ ಬಹಳ ಮರುಕದಿಂದ, ಇರಲಿ, ಕಂಪ್ಯೂಟರಿನಲ್ಲಿ ತೆಗೆಯುತ್ತೇನೆ ಎಂದು ಸಮಾಧಾನ ಮಾಡಿ, ಹಾಗೆ ತೆಗೆದ ಇನ್ನೊಬ್ಬರ ಫೋಟೋವನ್ನೂ ತೋರಿಸಿದ. ನನಗೆ ಪರಿಚಯವಿದ್ದ ಹಿರಿಯರೊಬ್ಬರು ಅದರಲ್ಲಿ ಆಗಷ್ಟೇ ಹಬೆಯಿಂದ ಇಳಿಸಿದ ಕಡುಬಿನಂತೆ ಕಾಣುತ್ತಿದ್ದರು. ಒಂದು ಸುಕ್ಕಿಲ್ಲ, ಒಂದು ಮಚ್ಚೆಯಿಲ್ಲ, ಹತ್ತಿರ ಹತ್ತಿರ ಮೂಗೂ ಇಲ್ಲ. ನಾನು ಓಡಿಸಿದ, ಕುಣಿಸಿದ, ಬಸ್ಕಿ ಹೊಡೆಸಿದ ಮಕ್ಕಳು ಒಂದು ಕಡುಬಿನ ಮುಂದೆ ಕೈಮುಗಿದು ನಿಲ್ಲುವ ದೃಶ್ಯ ಕಣ್ಣಿಗೆ ಬಂತು. ಕಾರ್ಯಕ್ರಮಕ್ಕೆ ಇನ್ನೂ ಎರಡು ತಿಂಗಳಿದೆ, ಆಗ ಬಂದು ತೆಗೆಸಿಕೊಳ್ಳುತ್ತೇನೆ, ಕಂಪ್ಯೂಟರ್ ಮುಟ್ಟಕೂಡದು ಎಂದು ಹೇಳಿ ಎದ್ದು ಬಂದೆ.

ಮನೆಯಲ್ಲಿ ನನ್ನ ಹೆಂಡತಿ ಸುವರ್ಣಾ ಇದನ್ನೆಲ್ಲ ಕೇಳಿ, ಈರಣ್ಣನದೇನೂ ತಪ್ಪು ಕಾಣುವುದಿಲ್ಲ ಎಂದಳು. ಸಂಜೆ ನಾನು ಮೊಬೈಲಿನಲ್ಲಿ ಹುಡುಕಿದೆ. ಮುಖದ ಸತ್ತ ಚರ್ಮವನ್ನು ಮನೆಯಲ್ಲೇ ತೆಗೆಯಬಹುದೆಂದೂ ಅದಕ್ಕೆ ಸಕ್ಕರೆ ಮತ್ತು ಲಿಂಬೆಹಣ್ಣು ಸಾಕೆಂದೂ ಒಬ್ಬ ಹುಡುಗಿ ನಗುನಗುತ್ತ ಹೇಳುತ್ತಿದ್ದಳು. ಅವಳು ಎರಡು ನಿಮಿಷ ತಿಕ್ಕಿದಳು. ಈ ದೈಹಿಕ ಶಿಕ್ಷಕರ ಬುದ್ಧಿಯೇ ಹೀಗೆ: ಎರಡು ಸುತ್ತು ಓಡಿದರೆ ಒಳ್ಳೆಯದು ಎಂದರೆ ನಾವು ಹತ್ತು ಓಡಿಸುತ್ತೇವೆ. ಬಚ್ಚಲ ಬಾಗಿಲು ಹಾಕಿಕೊಂಡು ನಾನು ಹತ್ತು ನಿಮಿಷ ತಿಕ್ಕಿದೆ. ಸಕ್ಕರೆ ಕರಗಿತೆಂದು ಉಪ್ಪು ಸೇರಿಸಿದೆ. ಅದೂ ಸಾಲದೆನಿಸಿ, ಸುವರ್ಣಾ ಹಿಮ್ಮಡಿ ತಿಕ್ಕಿಕೊಳ್ಳುವ ಕಲ್ಲು ಅಲ್ಲೇ ಮೂಲೆಯಲ್ಲಿತ್ತು, ಅದನ್ನೂ ಕೈಗೆ ತೆಗೆದುಕೊಂಡೆ. ಮುಂದಿನದನ್ನು ವಿವರವಾಗಿ ಹೇಳುವುದು ಬೇಡ. ಸತ್ತ ಚರ್ಮ ಹೋಯಿತು, ಅದರ ಬೆನ್ನಿಗೆ ಬದುಕಿದ್ದ ಚರ್ಮವೂ ಹೊರಟಿತು.

ಬೆಳಿಗ್ಗೆ ನನ್ನ ಮುಖ ಒಣಮೆಣಸಿನಕಾಯಿಯ ರಾಶಿಯಂತೆ ಕೆಂಪಗಿತ್ತು, ಉರಿಯೂ ಅದಕ್ಕೆ ತಕ್ಕ ಹಾಗೆ. ಶಾಲೆಯಲ್ಲಿ ಹೆಡ್‌ಮಾಸ್ತರರು ಜೇನುಹುಳ ಕಡಿದವೇ ಎಂದು ಕೇಳಿದರು. ಹೌದು ಎಂದೆ. ಎಷ್ಟು ಎಂದರು. ಬಹಳ ಎಂದೆ. ಮಧ್ಯಾಹ್ನದ ಹೊತ್ತಿಗೆ ತಡೆಯಲಾಗದೆ ಆರೋಗ್ಯ ಕೇಂದ್ರಕ್ಕೆ ಹೋದೆ. ಅಲ್ಲಿನ ನರ್ಸ್ ನಸೀಮಾ ನನ್ನ ಹಳೆಯ ವಿದ್ಯಾರ್ಥಿನಿ. ಖೋಖೋದಲ್ಲಿ ಅವಳನ್ನು ಮುಟ್ಟಿದವರಿಲ್ಲ. ಆದರೆ ಮುಂಜಾನೆಯ ಅಭ್ಯಾಸಕ್ಕೆ ಮಾತ್ರ ದಿನವೂ ತಡ; ನಾನು ದಿನವೂ ಮೂರು ಸುತ್ತು ಹೆಚ್ಚಿಗೆ ಓಡಿಸುತ್ತಿದ್ದೆ. ಅವಳ ಮುಂದೆ ಜೇನುಹುಳದ ಕತೆ ನಡೆಯಲಿಲ್ಲ. ಕಲ್ಲಿನವರೆಗೂ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಮಾಸ್ತರ, ಇದು ಮುಖಾ ರೀ," ಎಂದಳು. "ರೊಟ್ಟಿ ಹಂಚಲ್ಲ, ತಿಕ್ಕಿ ತಿಕ್ಕಿ ತೊಳ್ಯಾಕ."

ಆಮೇಲೆ ಶಿಕ್ಷೆ ವಿಧಿಸಿದಳು. ಎರಡು ವಾರ ಮುಖಕ್ಕೆ ಪೂರ್ತಿ ರಜೆ. ತಣ್ಣೀರು, ಅವಳು ಕೊಟ್ಟ ವಾಸನೆಯಿಲ್ಲದ ಸಾದಾ ಕ್ರೀಮು, ಇಷ್ಟೇ. ಲಿಂಬೆಹಣ್ಣು ಇನ್ನು ಚಿತ್ರಾನ್ನಕ್ಕೆ ಮಾತ್ರ. ಗುಳ್ಳೆ ಎದ್ದರೆ, ಕೀವು ತುಂಬಿದರೆ ಸೀದಾ ಹುಬ್ಬಳ್ಳಿಯ ಚರ್ಮದ ಡಾಕ್ಟರರ ಹತ್ತಿರ ಹೋಗಬೇಕು, ಮೊಬೈಲು ನೋಡಕೂಡದು. ಚರ್ಮ ಪೂರ್ತಿ ಮಾಯ್ದ ಮೇಲೆ ತನ್ನ ಹತ್ತಿರ ಬಂದರೆ ಸರಿಯಾದ ಕ್ರಮ ಹೇಳುತ್ತೇನೆ ಎಂದಳು. ನಾನು ಒಂಬತ್ತನೆಯ ದಿನವೇ ಹೋದೆ. ಅವಳು ಮುಖ ನೋಡಿ ವಾಪಸ್ಸು ಕಳಿಸಿದಳು.

ಹದಿನೈದನೆಯ ದಿನ ಕ್ರಮ ಸಿಕ್ಕಿತು. ವಾರಕ್ಕೆ ಒಂದೇ ಸಲ, ಅದೂ ಸಂಜೆ, ಬಿಸಿಲು ಇಳಿದ ಮೇಲೆ. ಗಡ್ಡ ಮಾಡಿಕೊಂಡ ದಿನ ಬೇಡ. ಗಾಯ, ಮೊಡವೆ, ಉರಿ ಇದ್ದ ದಿನ ಬೇಡವೇ ಬೇಡ. ಓಟ್ಸನ್ನು ಹಿಟ್ಟಿನಂತೆ ನುಣ್ಣಗೆ ಪುಡಿಮಾಡಿ, ಜರಡಿ ಹಿಡಿದು, ಮೊಸರಿನಲ್ಲಿ ಕಲಸಬೇಕು. ಮುಖ ಒದ್ದೆ ಮಾಡಿಕೊಂಡು ಬೆರಳ ತುದಿಯಿಂದ ಅರ್ಧ ನಿಮಿಷ ಮೆಲ್ಲಗೆ ಆಡಿಸಬೇಕು; ಎಷ್ಟು ಮೆಲ್ಲಗೆ ಎಂದರೆ ಮಲಗಿದ ಕೂಸಿನ ಗಲ್ಲ ಸವರಿದಷ್ಟು. ಕಣ್ಣಿನ ಸುತ್ತ ಹೋಗಬಾರದು. ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಟವೆಲಿನಿಂದ ಒತ್ತಿ ಒರೆಸಿ, ಕೂಡಲೇ ಕ್ರೀಮು ಹಚ್ಚಬೇಕು. ಹಗಲು ಹೊರಗೆ ಹೋಗುವಾಗ ಸನ್‌ಸ್ಕ್ರೀನ್ ಮತ್ತು ಟೊಪ್ಪಿಗೆ. ಎಲ್ಲಕ್ಕಿಂತ ಮೊದಲು ಕಿವಿಯ ಹಿಂದೆ ಒಂಚೂರು ಹಚ್ಚಿ, ತೊಳೆದು, ಒಂದು ದಿನ ಕಾಯಬೇಕು. ಉರಿಯದಿದ್ದರೆ ಮುಂದಿನ ಮಾತು. ನಾನು ಹಚ್ಚಿದೆ, ತೊಳೆಯುವುದನ್ನು ಮರೆತೆ. ಡೇರಿಯಲ್ಲಿ ಹಾಲು ಹಾಕಲು ನಿಂತಿದ್ದಾಗ ಹಿಂದಿದ್ದವರು, "ಮಾಸ್ತರ, ಕಿವಿ ಹಿಂದ ಮೊಸರನ್ನ ಹತ್ತೇತಿ ನೋಡ್ರಿ," ಎಂದರು.

ಅರ್ಧ ನಿಮಿಷ ಮೆಲ್ಲಗೆ ಎಂಬುದು ನನಗೆ ಎಷ್ಟು ಕಷ್ಟವಾಯಿತೆಂದರೆ, ಮೂರು ಕಿಲೋಮೀಟರ್ ಓಟವೇ ವಾಸಿ. ಕೈ ತಾನಾಗಿ ಬಿರುಸಾಗುತ್ತಿತ್ತು. ಸುವರ್ಣಾ ಬಚ್ಚಲ ಬಾಗಿಲಲ್ಲಿ ಗಡಿಯಾರ ಹಿಡಿದು ನಿಂತು, ಸಾಕು ಎನ್ನುತ್ತಿದ್ದಳು. ಮೈದಾನದಲ್ಲಿ ಇನ್ನೊಂದು ಪೇಚು. ನೆರಳಿಗೆ ಸರಿದ ಮಕ್ಕಳನ್ನು ಮೂವತ್ತೊಂದು ವರ್ಷ ಬಿಸಿಲಿಗೆ ಎಳೆದವನು ಈಗ ಬೇವಿನ ಮರದ ಕೆಳಗೆ ಟೊಪ್ಪಿಗೆ ಹಾಕಿಕೊಂಡು ಸೀಟಿ ಊದುತ್ತಿದ್ದೆ. ನಾಚಿಕೆಯಾಗಿ ಮಕ್ಕಳನ್ನೂ ನೆರಳಿಗೆ ಕರೆದೆ. ಅವರಿಗೆ ನನ್ನ ಚರ್ಮದ ಮೇಲೆ ಎಷ್ಟು ಪ್ರೀತಿ ಬಂತೆಂದು ಹೇಳಲಾರೆ.

ನಾಲ್ಕನೆಯ ವಾರ ಒಂದು ಘಟನೆ ನಡೆಯಿತು. ರೊಟ್ಟಿ ಬಡಿಸಲು ಬಂದ ಸುವರ್ಣಾ ನನ್ನನ್ನು ನೋಡುತ್ತ ನಿಂತಳು. ಮುಂಗೈಯಿಂದ ಗಲ್ಲವನ್ನೊಮ್ಮೆ ಮುಟ್ಟಿದಳು. ಕೇಳದೆಯೇ ಇನ್ನೊಂದು ಮುದ್ದೆ ಬೆಣ್ಣೆ ಹಾಕಿ ಒಳಗೆ ಹೋದಳು. ಮೂವತ್ತು ವರ್ಷದ ಸಂಸಾರದಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ನನಗೆ ಸಿಕ್ಕಿಲ್ಲ. ಮರುವಾರದಿಂದ ನನ್ನ ಕ್ರೀಮಿನ ಡಬ್ಬಿ ದುಪ್ಪಟ್ಟು ಬೇಗ ಖಾಲಿಯಾಗತೊಡಗಿತು. ನಾನು ಒಂದರ ಬದಲು ಎರಡು ಡಬ್ಬಿ ತರತೊಡಗಿದೆ.

ಎರಡು ತಿಂಗಳು ತುಂಬುವ ಹೊತ್ತಿಗೆ ಈರಣ್ಣನ ಸ್ಟುಡಿಯೋದಲ್ಲಿ ಹೋಗಿ ಕುಳಿತೆ. ಅವನು ಇಣುಕಿದ, ತಲೆಯೆತ್ತಿದ, ಮತ್ತೆ ಇಣುಕಿದ.

"ಸರ್, ಏನರ ಮಾಡಿಸ್ಕೊಂಡೀರೇನ್ರಿ?"

"ತೊಳ್ಕೊಂಡ ಬಂದೀನಪಾ," ಎಂದೆ. ಈ ಒಂದು ಮಾತನ್ನಾಡಲು ಎರಡು ತಿಂಗಳು ಕಾದಿದ್ದೆ.

ಅವನು ಕಂಪ್ಯೂಟರ್ ಮುಟ್ಟಲಿಲ್ಲ. ಫ್ಲೆಕ್ಸಿನಲ್ಲಿ ನನ್ನ ಸುಕ್ಕುಗಳೆಲ್ಲ ಇದ್ದವು, ಗದ್ದದ ಮಚ್ಚೆ ಇತ್ತು, ಬಣ್ಣ ನಮ್ಮಪ್ಪನದೇ ಇತ್ತು. ಮೇಲಿನ ಧೂಳು ಮಾತ್ರ ಇರಲಿಲ್ಲ. ಗುರುವಂದನೆಯ ದಿನ ಬಂದವರೆಲ್ಲ ಫ್ಲೆಕ್ಸ್ ನೋಡಿ ನನ್ನನ್ನು ನೋಡಿದರು, ನನ್ನನ್ನು ನೋಡಿ ಫ್ಲೆಕ್ಸ್ ನೋಡಿದರು. ಶಿಸ್ತಿನ ಬಗ್ಗೆ ಎರಡು ಮಾತಾಡಿ ಎಂದರು. ನಾನು ಎದ್ದುನಿಂತು ಜೇನುಹುಳದ ಸುಳ್ಳಿನಿಂದ ಹಿಡಿದು ಕಲ್ಲಿನವರೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಹೆಡ್‌ಮಾಸ್ತರರು ನಗುತ್ತ ಕಣ್ಣೊರೆಸಿಕೊಂಡರು. ಎಷ್ಟು ಬೇಕೋ ಅಷ್ಟು ಮಾಡಿ ನಿಲ್ಲಿಸುವುದೇ ಶಿಸ್ತು, ಅದನ್ನು ನನಗೆ ಕಲಿಸಿದವಳು ನಾನು ದಿನವೂ ಮೂರು ಸುತ್ತು ಓಡಿಸಿದ ಹುಡುಗಿ ಎಂದು ಹೇಳಿ, ನನಗೆ ಹೊದಿಸಿದ್ದ ಶಾಲನ್ನು ತೆಗೆದು ಮುಂದಿನ ಸಾಲಿನಲ್ಲಿದ್ದ ನಸೀಮಾಳ ಹೆಗಲಿಗೆ ಹೊದಿಸಿದೆ. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಅವಳು ಮಾತ್ರ ಹತ್ತಿರ ಬಗ್ಗಿ, ಮಧ್ಯಾಹ್ನದ ಬಿಸಿಲಿದೆ, ಸನ್‌ಸ್ಕ್ರೀನ್ ಹಚ್ಚಿದ್ದೀರಾ ಎಂದು ಕೇಳಿದಳು.

ಅಂದಿನಿಂದ ಊರಿನಲ್ಲಿ ನಾನೊಬ್ಬ ತಜ್ಞ. ಗಂಡಸರು ಬಂದು ಮಳೆ, ಹತ್ತಿ, ಮೆಣಸಿನಕಾಯಿ ಎಂದು ಊರೆಲ್ಲ ಸುತ್ತಿ, ಕೊನೆಗೆ ದನಿ ತಗ್ಗಿಸಿ ಓಟ್ಸಿನ ವಿಷಯಕ್ಕೆ ಬರುತ್ತಾರೆ. ಮೊನ್ನೆ ಪಕ್ಕದ ಮನೆಯ ಚನ್ನಬಸಪ್ಪ ಕಾಕಾ ಕರೆದು ಚಹಾ ಕೊಟ್ಟರು. ಎಪ್ಪತ್ತೆಂಟರ ಹಿರಿಯರು, ಹೊಗಳಿಕೆಯ ಅಭ್ಯಾಸವಿಲ್ಲದವರು. ನನ್ನ ಮುಖವನ್ನು ಬಹಳ ಹೊತ್ತು ನೋಡಿ, "ನಿನಗ ಐವತ್ತರ ಮ್ಯಾಲ ಒಂದ ದಿನಾನೂ ಹೇಳಾಕ ಬರಂಗಿಲ್ಲ ನೋಡಪಾ," ಎಂದರು. ನನಗೆ ಅರವತ್ತು ತುಂಬಿದೆ. ನಾನು ನೆಲ ಮುಟ್ಟದಂತೆ ನಡೆದು ಮನೆಗೆ ಬಂದು ಸುವರ್ಣಾಳಿಗೆ ಹೇಳಿದೆ. ಅವಳು ಕಾಳು ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಕಾಕಾಗ ಎರಡೂ ಕಣ್ಣಿಗೆ ಪೊರಿ ಬಂದೈತಿ," ಎಂದಳು. "ಮುಂದಿನ ವಾರ ಆಪರೇಶನ್ ಐತ್ರಿ."

ಕಾಕಾನ ದೃಷ್ಟಿ ಮೊದಲಿನಂತಾಗಲಿ ಎಂದು ಮನಸಾರೆ ಹಾರೈಸುತ್ತೇನೆ. ಆದರೆ ಅದಕ್ಕೆ ಮುಂಚೆ ಇನ್ನೆರಡು ಸಲ ಅವರ ಮನೆಗೆ ಹೋಗಿ ಚಹಾ ಕುಡಿದು ಬರಬೇಕೆಂದಿದ್ದೇನೆ.