ಮಡಚದ ಪೈಪು

ಮೋಹನ್‌ಬಾಬು ಮನೆಯ ನೀರಿನ ಪೈಪು ಯಾವಾಗಲೂ ಒಂದೇ ಜಾಗದಲ್ಲಿ ಮಡಚಿಕೊಳ್ಳುತ್ತಿತ್ತು. ಬೀದಿ ನಲ್ಲಿಯಿಂದ ಹೊರಟು, ಗೇಟು ದಾಟಿ, ದಾಸವಾಳದ ಗಿಡದ ಹತ್ತಿರ ಬಾಗಿಲ ಕಡೆಗೆ ತಿರುಗುವ ಮೂಲೆಯಲ್ಲಿ ಅದು ಸೊಂಟ ಮುರಿದುಕೊಂಡು ಮಲಗಿಬಿಡುತ್ತಿತ್ತು. ಒಳಗಿಂದ ಹೆಂಡತಿ ಶೋಭಾರಾಣಿ "ರೀ, ನೀರು ನಿಂತೋಯ್ತು!" ಎಂದು ಕೂಗಬೇಕು, ಇವನು ಓಡಿಹೋಗಿ ನೆಟ್ಟಗೆ ಮಾಡಬೇಕು, ಒಳಗೆ ಬರುವಷ್ಟರಲ್ಲಿ ಅದು ಮತ್ತೆ ಮಲಗಬೇಕು. ಕಳೆದ ಸಲ ಹೀಗೇ ಹನ್ನೊಂದು ಬಾರಿ ಓಡಿ, ಕೊನೆಗೆ ಸಿಕ್ಕಿದ್ದು ಎರಡೇ ಡ್ರಮ್ಮು ನೀರು.

ಚಿಂತಾಮಣಿಯ ಆ ಬೀದಿಗೆ ನೀರು ಬರುವುದು ಎಂಟು ದಿನಕ್ಕೊಮ್ಮೆ, ಅದೂ ಒಂದು ಗಂಟೆ. ಇವತ್ತು ಸಂಜೆ ಐದಕ್ಕೆ ಸರದಿ. ನಾಳೆ ಬೆಳಗ್ಗೆ ತಂಗಿ ಮೌನಿಕಾಳ ಸೀಮಂತ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅವಳಿಗೆ ತವರು ಅಂದರೆ ಈ ಅಣ್ಣನ ಮನೆಯೇ. ಅವಳ ಅತ್ತೆ, ಗೌರಿಬಿದನೂರಿನ ಅಕ್ಕಯ್ಯಮ್ಮ, ಹದಿನೈದು ದಿನದ ಹಿಂದೆಯೇ ಫೋನು ಮಾಡಿದ್ದರು.

"ನಿಮ್ಮ ಕಡೆ ನೀರಿಗೆ ಕಷ್ಟ ಅಂತಾರೆ ಬಾಬು. ನಮ್ಮನೇಲೇ ಮಾಡಣ ಬಿಡಿ. ಬೋರಿದೆ, ಜಾಗ ಇದೆ."

"ಬೇಡಿ ಅಮ್ಮಾ. ತವರಿನ ಕಾರ್ಯ ತವರಲ್ಲೇ ಆಗ್ಬೇಕು. ನೀರಿನ ಜವಾಬ್ದಾರಿ ನಂದು!" ಎಂದು ಮೋಹನ್‌ಬಾಬು ಎದೆ ತಟ್ಟಿಕೊಂಡು ಹೇಳಿದ್ದ. ಫೋನಿನಲ್ಲಿ ಎದೆ ತಟ್ಟಿಕೊಂಡರೆ ಆ ಕಡೆಯವರಿಗೆ ಕಾಣುವುದಿಲ್ಲ ಎಂಬುದು ಆಮೇಲೆ ಹೊಳೆಯಿತು.

ಹಾಗಾಗಿ ಈ ದಿನ ಬೆಳಗ್ಗೆ ಶೋಭಾರಾಣಿ ಕಾಫಿ ಲೋಟ ಕುಕ್ಕಿ ಹೇಳಿದಳು: "ನಾಳೆ ಅರವತ್ತು ಎಲೆ ಬೀಳುತ್ತೆ. ಇವತ್ತೂ ಆ ದರಿದ್ರದ ಪೈಪು ಮಡಚ್ಕೊಂಡ್ರೆ, ಅಕ್ಕಯ್ಯಮ್ಮನೋರ ಮುಂದೆ ನಾನಂತೂ ನಿಲ್ಲಲ್ಲ. ನೀವೇ ನಿಂತ್ಕೊಳಿ."

ಮೋಹನ್‌ಬಾಬು ಹೈಸ್ಕೂಲಿನಲ್ಲಿ ಗುಮಾಸ್ತ. ಅರ್ಧ ದಿನ ರಜೆ ಹಾಕಿ, ಹೊಸ ಪೈಪು ತರಲು ಗೇಟು ತೆಗೆದ. ಗೇಟಿನ ಸದ್ದು ಕೇಳಿದ್ದೇ ತಡ, ಎದುರು ಮನೆಯ ಆವಲಪ್ಪನವರು ಪೇಪರು ಮಡಚಿಟ್ಟು ಎದ್ದರು. ಅವರು ರಿಟೈರಾದ ಲೈನ್‌ಮ್ಯಾನು. ಬೀದಿಯಲ್ಲಿ ಯಾರು ಏನು ಕೊಂಡರೂ ಅವರ ಕೈ ತಾಗಲೇಬೇಕು.

"ಪೈಪ್ ತರಕ್ಕೆ ಹೊರಟ್ಯೇನಪ್ಪಾ? ಒಬ್ನೇ ಹೋಗ್ಬೇಡ, ಟೋಪಿ ಹಾಕ್ತಾರೆ. ಮೂವತ್ತು ವರ್ಷ ವೈರ್ ಎಳ್ದೋನು ನಾನು. ವೈರೂ ಪೈಪೂ ಒಂದೇ ಜಾತಿ ಕಣಪ್ಪಾ. ಅದ್ರಲ್ಲಿ ಕರೆಂಟು, ಇದ್ರಲ್ಲಿ ನೀರು. ಅಷ್ಟೇ ಡಿಫ್ರೆನ್ಸು."

ಪಕ್ಕದ ಮನೆಯ ವೆಂಕಟರತ್ನಮ್ಮ ಅಂಗಳದಲ್ಲಿ ಪಂಚೆ ಹಾಸಿ ರಾಗಿ ಒಣಹಾಕುತ್ತಿದ್ದವರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು. "ಹಸಿರು ಬಣ್ಣದ್ದು ಮಾತ್ರ ತರ್ಬೇಡ ಮೋಹನಪ್ಪಾ. ಹೋದ್ವರ್ಷ ನಮ್ಮೆಜಮಾನ್ರು ಹಾವು ಅಂತ ಮಚ್ಚು ತಗೊಂಡು ಎರಡು ತುಂಡು ಮಾಡಿದ್ರು. ಆಮೇಲೆ ನೋಡಿದ್ರೆ ಪೈಪು. ಅಯ್ಯೋ ರಾಮಾ!"

ಮೊದಲನೇ ಅಂಗಡಿಯಲ್ಲಿ ಆವಲಪ್ಪನವರು ಪೈಪಿನ ತುದಿಯನ್ನು ಮೂಗಿಗೆ ಹಿಡಿದು ಮೂಸಿದರು. "ಹಳೇ ಚಪ್ಪಲಿ ವಾಸ್ನೆ. ಕರಗ್ಸಿ ಮಾಡಿರೋ ಮಾಲು. ನಡಿ." ಎರಡನೇ ಅಂಗಡಿಯಲ್ಲಿ ಉಗುರಿನಿಂದ ಚುಚ್ಚಿ ನೋಡಿದರು. ಉಗುರಿನ ಗುರುತು ಹಾಗೇ ಉಳಿಯಿತು. "ಉಗುರಿಗೇ ಬಗ್ಗೋದು ಬಿಸಿಲಿಗೆ ನಿಲ್ಲುತ್ತಾ?" ಎಂದರು. ಅಂಗಡಿಯವನು, "ಸ್ವಾಮಿ, ತಗೊಳಲ್ಲ ಅಂದ್ರೆ ಪರ್ಚಬೇಡಿ" ಎಂದು ಪೈಪು ಕಿತ್ತುಕೊಂಡ. ಮೋಹನ್‌ಬಾಬು ಇಬ್ಬರ ಪರವಾಗಿಯೂ ಕ್ಷಮೆ ಕೇಳಿದ. ಅವನ ಸ್ವಭಾವವೇ ಅಂಥದ್ದು.

ಮೂರನೆಯದು ಟೊಮೆಟೊ ಮಾರ್ಕೆಟ್ ರಸ್ತೆಯಲ್ಲಿದ್ದ ರವಿಚಂದ್ರನ ಹಾರ್ಡ್‌ವೇರ್ ಅಂಗಡಿ. ರವಿಚಂದ್ರ ಮಾತಿನ ಮಲ್ಲ. ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ ಮಾತು ಇಳಿದು ಬರುತ್ತಿತ್ತು.

"ನಿಮ್ಗೆ ಬೇಕಾಗಿರೋದು ಮಡಚ್ಕೊಳ್ದೆ ಇರೋದು ತಾನೆ ಸಾರ್? ಇಲ್ನೋಡಿ. ಮೂರು ಪದರ. ಮಧ್ಯದಲ್ಲಿ ನೂಲಿನ ಹೆಣಿಗೆ. ಬಗ್ಗುತ್ತೆ, ಆದ್ರೆ ಮಡಚಲ್ಲ. ನೀವೇ ಮಡಚಿ ತೋರ್ಸಿ, ಪೈಪು ಫ್ರೀಯಾಗಿ ತಗೊಂಡ್ ಹೋಗಿ."

ಮೋಹನ್‌ಬಾಬು ಮಡಚಲು ನೋಡಿದ. ಪೈಪು ಬಳೆಯ ಹಾಗೆ ಗುಂಡಗಾಯಿತೇ ಹೊರತು ಮುರಿಯಲಿಲ್ಲ. ಆವಲಪ್ಪನವರು ಪಂಚೆ ಎತ್ತಿ ಕಟ್ಟಿ, ಮೊಣಕಾಲಿಗೆ ಕೊಟ್ಟು ಒತ್ತಿದರು. ಪೈಪು ಚಂಗನೆ ಹಾರಿ ಅವರ ಕನ್ನಡಕವನ್ನು ಸಿಮೆಂಟು ಮೂಟೆಯ ಮೇಲೆ ಎಸೆಯಿತು. ಮೊಳೆ ಕೊಳ್ಳಲು ಬಂದಿದ್ದ ಇಬ್ಬರು, ಬಣ್ಣ ಕೊಳ್ಳಲು ಬಂದಿದ್ದ ಒಬ್ಬರು, ಏನೂ ಕೊಳ್ಳಲು ಬರದೆ ಸುಮ್ಮನೆ ನಿಂತಿದ್ದ ನಾಲ್ವರು, ಎಲ್ಲರೂ ಒಂದು ಕೈ ನೋಡಿದರು. ಯಾರಿಗೂ ಆಗಲಿಲ್ಲ.

"ರೋಡಿಗೆ ಹಾಕ್ರಿ, ಗಾಡಿ ಹತ್ಲಿ" ಎಂದು ಯಾರೋ ಸಲಹೆ ಕೊಟ್ಟರು. ಟೊಮೆಟೊ ಬಾಕ್ಸು ತುಂಬಿದ ಟೆಂಪೊ ಒಂದು ಪೈಪಿನ ಮೇಲೆ ಹಾದುಹೋಯಿತು. ಚಪ್ಪಟೆಯಾದ ಪೈಪು ಮರುಕ್ಷಣವೇ ಉಬ್ಬಿಕೊಂಡು ಮೊದಲಿನಂತಾಯಿತು. ಜನ ಚಪ್ಪಾಳೆ ತಟ್ಟಿದರು. ಮೋಹನ್‌ಬಾಬುಗೆ ಕಣ್ಣು ತೇವವಾಯಿತು. ನಲವತ್ತೈದು ವರ್ಷದ ಬದುಕಿನಲ್ಲಿ ಅವನು ಆರಿಸಿದ ವಸ್ತುವಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಬಣ್ಣವೂ ನೀಲಿ, ಹಾವಿನ ಭಯವೂ ಇಲ್ಲ.

ಮೂರು ಗಂಟೆಗೆ ಮನೆಗೆ ಬಂದು, ಒಂದು ತುದಿಯನ್ನು ಬೀದಿ ನಲ್ಲಿಗೆ ತೂರಿಸಿದ್ದಾಯಿತು. ಆವಲಪ್ಪನವರು ಮನೆಯಿಂದ ಕಬ್ಬಿಣದ ಕ್ಲಿಪ್ಪು, ಸ್ಕ್ರೂಡ್ರೈವರ್ ತಂದರು. "ಫೋರ್ಸಿಗೆ ಕಿತ್ಕೊಂಡ್ ಬಂದ್ಬಿಡುತ್ತೆ ಕಣಪ್ಪಾ. ಟೈಟ್ ಮಾಡ್ತೀನಿ ತಾಳು." ಹಲ್ಲು ಕಚ್ಚಿ ತಿರುಗಿಸಿದರು. ಸ್ಕ್ರೂವಿನ ತಲೆಯ ಗೀರು ಸವೆದು ನುಣ್ಣಗಾಗುವವರೆಗೆ ತಿರುಗಿಸಿದರು. "ಇನ್ನು ಏಳು ಜನ್ಮಕ್ಕೂ ಬಿಚ್ಚಲ್ಲ" ಎಂದು ಕೈ ಒರೆಸಿಕೊಂಡರು.

ಮೋಹನ್‌ಬಾಬು ಬೀದಿ ತುದಿಗೆ ಹೋಗಿ ನೀರು ಬಿಡುವ ನೀರುಗಂಟಿ ಬಯ್ಯಪ್ಪನನ್ನು ಕಂಡ. "ಬಯ್ಯಪ್ಪಾ, ನಾಳೆ ತಂಗಿ ಸೀಮಂತ. ಇವತ್ತೊಂದಿನ ಸ್ವಲ್ಪ ಜಾಸ್ತಿ ತಿರುವಪ್ಪಾ."

"ನಿಮ್ಮನೆ ಕಾರ್ಯ ನಮ್ಮನೆ ಕಾರ್ಯ ಅಲ್ವಾ ಸಾರ್? ಪೂರ್ತಿ ಬಿಡ್ತೀನಿ" ಎಂದ ಬಯ್ಯಪ್ಪ.

ಐದು ಗಂಟೆಗೆ ನೀರು ಬಂತು. ಅಬ್ಬಾ, ಏನು ನೀರು! ದಾಸವಾಳದ ಮೂಲೆಯಲ್ಲಿ ಪೈಪು ಒಮ್ಮೆಯೂ ತಲೆ ತಗ್ಗಿಸಲಿಲ್ಲ. ವರಾಂಡದ ನಾಲ್ಕು ಡ್ರಮ್ಮುಗಳು ಅಕ್ಕಪಕ್ಕ ತಾಗಿಕೊಂಡೇ ಇದ್ದವು. ತುದಿಯನ್ನು ಒಂದರಿಂದ ಇನ್ನೊಂದಕ್ಕೆ ಜಾರಿಸಿದ್ದಷ್ಟೇ, ಹತ್ತು ನಿಮಿಷದಲ್ಲಿ ನಾಲ್ಕೂ ತುಂಬಿದವು. ಬಾಗಿಲ ಪಕ್ಕದ ಕಿಟಕಿಯಿಂದಲೇ ತುದಿಯನ್ನು ಅಡಿಗೆಮನೆಗೆ ತೂರಿಸಿ ದೊಡ್ಡ ಡ್ರಮ್ಮಿಗೂ ಬಿಟ್ಟ. ಶೋಭಾರಾಣಿ ಗಂಡನ ಮುಖವನ್ನು ಮದುವೆಯಾದ ಹೊಸದರಲ್ಲಿ ನೋಡುತ್ತಿದ್ದ ಹಾಗೆ ನೋಡಿದಳು. "ಪರ್ವಾಗಿಲ್ವೇ, ಒಳ್ಳೇದೇ ತಂದಿದ್ದೀರ" ಎಂದಳು. ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಇನ್ನು ಉಳಿದಿದ್ದು ಹಿತ್ತಲ ಬಚ್ಚಲಿನ ಹಂಡೆ, ಡ್ರಮ್ಮು. ಅಲ್ಲಿಗೆ ಹೋಗಬೇಕಾದರೆ ನಡುಮನೆ ದಾಟಬೇಕು. ನಡುಮನೆಯಲ್ಲಿ ಜಮಖಾನ ಹಾಸಿ, ನಾಳೆಯ ಮಡಿಲಕ್ಕಿ, ಬಳೆಯ ತಟ್ಟೆಗಳು, ಚಕ್ಕುಲಿ ಕೋಡುಬಳೆಯ ಡಬ್ಬಿಗಳು, ಸೀರೆ, ಹೂವು ಎಲ್ಲ ಜೋಡಿಸಿಟ್ಟಿತ್ತು.

ಅಡಿಗೆಮನೆಯ ಡ್ರಮ್ಮು ತುಂಬಿತು. ಶೋಭಾರಾಣಿ ವಾಡಿಕೆಯಂತೆ ಕೂಗಿದಳು: "ಸಾಕು, ಮಡಚ್ರೀ!"

ಒಳಗೆ ಬಂದಿದ್ದ ಮೋಹನ್‌ಬಾಬು ಎರಡೂ ಕೈಯಲ್ಲಿ ಪೈಪು ಹಿಡಿದು ಮಡಚಹೋದ. ಮಡಚಲಿಲ್ಲ.

ಆ ಬೀದಿಯ ಯಾವ ನಲ್ಲಿಗೂ ತೆರೆದು ಮುಚ್ಚುವ ತಿರುಪಿರಲಿಲ್ಲ. ತಿರುಪಿದ್ದರೆ ನೀರು ಸಣ್ಣಗೆ ಬರುತ್ತದೆ ಎಂದು ವರ್ಷಗಳ ಹಿಂದೆಯೇ ಮನೆಮನೆಯವರೂ ಅದನ್ನು ಕಿತ್ತು, ಬರಿಯ ಕೊಳವೆಗೆ ಪೈಪು ತೂರಿಸಿಕೊಂಡಿದ್ದರು. ನೀರು ನಿಲ್ಲಿಸಬೇಕೆಂದರೆ ಪೈಪನ್ನು ಮಡಚಿ ಹಿಡಿಯುವುದು, ಮುಂದಿನ ಪಾತ್ರೆಗೆ ಹೋಗಿ ಬಿಡುವುದು. ಉಸಿರಾಡಿದಷ್ಟು ಸಲೀಸಾಗಿ ಎಲ್ಲರೂ ಮಾಡುತ್ತಿದ್ದ ಕೆಲಸವಾದ್ದರಿಂದ ಅಂಗಡಿಯಲ್ಲಿ ಅದು ಯಾರಿಗೂ ನೆನಪಾಗಲಿಲ್ಲ. ನೂಲಿನ ಹೆಣಿಗೆಯ ಮೂರು ಪದರವನ್ನು ಅಷ್ಟು ಜನ ಹೊಗಳಿದರಲ್ಲ, ಒಬ್ಬನಾದರೂ ಬಾಯಿ ಬಿಡಬಾರದಿತ್ತೆ?

"ಮಡಚ್ರೀ ಅಂದ್ರೆ!"

"ಮಡಚ್ತಾ ಇಲ್ಲ ಕಣೇ!"

"ಬೆರಳಿಟ್ಟು ಮುಚ್ಚಿ!"

ಅವನು ಪೈಪಿನ ಬಾಯಿಗೆ ಹೆಬ್ಬೆರಳಿಟ್ಟ. ನೀರು ಸೀಳಿಕೊಂಡು ಹೊರಟು, ಒಂದು ಪಾಲು ಶೋಭಾರಾಣಿಯ ಮುಖಕ್ಕೆ, ಇನ್ನೊಂದು ಪಾಲು ದೇವರ ಗೂಡಿಗೆ ಬಿತ್ತು. ಬೇಗ ಬಚ್ಚಲಿಗೆ ಒಯ್ದುಬಿಡೋಣ ಎಂದು ನಡುಮನೆಗೆ ಓಡಿದ. ಒದ್ದೆ ನೆಲದಲ್ಲಿ ಕಾಲು ಜಾರಿತು, ಪೈಪು ಕೈ ಬಿಟ್ಟಿತು. ಬಯ್ಯಪ್ಪ ಪ್ರೀತಿಯಿಂದ ಪೂರ್ತಿ ತಿರುವಿದ್ದ ನೀರು ಅದು. ಪೈಪು ಹೆಡೆಯೆತ್ತಿ ನಡುಮನೆಯಲ್ಲಿ ಸುತ್ತಾಡಿತು. ಬಳೆ ತಟ್ಟೆ ಮಗುಚಿತು, ಚಕ್ಕುಲಿ ತೇಲಿತು, ಮಡಿಲಕ್ಕಿ ನೆನೆಯಿತು.

ಮೋಹನ್‌ಬಾಬು ಎದ್ದು ಬಿದ್ದು ಬೀದಿಗೆ ಓಡಿ ನಲ್ಲಿಯಿಂದ ಪೈಪು ಎಳೆದ. ಕ್ಲಿಪ್ಪು ಜಗ್ಗಲಿಲ್ಲ. ಆವಲಪ್ಪನವರು ಸ್ಕ್ರೂಡ್ರೈವರ್ ತಂದು ಇಟ್ಟರೆ ಅದು ಗುಂಡಗೆ ಜಾರಿತು. "ಎಂಥಾ ಟೈಟ್ ಮಾಡಿದ್ದೀನಿ ನೋಡಪ್ಪಾ!" ಎಂದರು ಆವಲಪ್ಪನವರು. ಆ ಹೊತ್ತಿನಲ್ಲೂ ಅವರ ದನಿಯಲ್ಲಿ ಹೆಮ್ಮೆಯಿತ್ತು.

ಅಷ್ಟರಲ್ಲಿ ಶೋಭಾರಾಣಿ ಪೈಪಿನ ಕತ್ತು ಹಿಡಿದು ನಡುಮನೆಯ ಕಿಟಕಿಯಿಂದ ಆಚೆಗೆ ಹಾಕಿದಳು. ಆಚೆ ಅಂದರೆ ವೆಂಕಟರತ್ನಮ್ಮನವರ ಅಂಗಳ. ದಿನವಿಡೀ ಒಣಗಿದ್ದ ರಾಗಿ ಮೋರಿಯ ಕಡೆಗೆ ಹೊರಟಿತು.

"ಓರಿ ನಾಯನಾ! ನನ್ ರಾಗೀ!" ವೆಂಕಟರತ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀದಿ ತುದಿಯವರೆಗೆ ಕೂಗುತ್ತಲೇ ಓಡಿದರು. "ಬಯ್ಯಪ್ಪಾ, ನಿಲ್ಸೋ! ಮೊದ್ಲು ನಿಲ್ಸೋ!" ನೀರು ನಿಲ್ಲಿಸು ಎಂದು ಹೆಂಗಸರು ಕೂಗಿದ್ದನ್ನು ಎಂದೂ ಕೇಳಿರದ ಬಯ್ಯಪ್ಪ ಹೆದರಿ, ಈ ಬೀದಿಯ ವಾಲ್ವು ಮುಚ್ಚಿ ಆಚೆ ಬೀದಿಯದು ತೆರೆದುಬಿಟ್ಟ.

ನೀರು ನಿಂತಿತು. ಮೋಹನ್‌ಬಾಬು ಮನೆಯಲ್ಲಷ್ಟೇ ಅಲ್ಲ, ಬೀದಿಗೆ ಬೀದಿಯಲ್ಲೇ ನಿಂತಿತು. ಬಂದು ಇನ್ನೂ ಕಾಲು ಗಂಟೆಯೂ ಆಗಿರಲಿಲ್ಲ. ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು.

"ಮತ್ತೆ ಬಿಡಪ್ಪಾ ಬಯ್ಯಪ್ಪಾ" ಎಂದು ಮೋಹನ್‌ಬಾಬು ಕೈಮುಗಿದ.

"ಆಗಲ್ಲ ಸಾರ್. ಆಚೆ ಬೀದಿ ಹೆಂಗಸ್ರು ಬಿಂದ್ಗೆ ಹಿಡ್ಕೊಂಡ್ ನಿಂತವ್ರೆ. ಈಗ ಕಟ್ ಮಾಡಿದ್ರೆ ನನ್ ಕೈ ಮುರೀತಾರೆ. ಇನ್ನು ಎಂಟು ದಿನಕ್ಕೇ."

ಯಾರೂ ಜಗಳ ಆಡಲಿಲ್ಲ. ಜಗಳ ಆಡಿದ್ದರೆ ಚೆನ್ನಾಗಿತ್ತು. ಎಲ್ಲರೂ ಬಿಂದಿಗೆ ಹಿಡಿದು ಮೋಹನ್‌ಬಾಬು ಮನೆಯ ಮುಂದೆ ಸಾಲಾಗಿ ನಿಂತರು, ಮೊದಲು ಆವಲಪ್ಪನವರು. "ಎರಡೇ ಬಿಂದ್ಗೆ ಸಾಕಪ್ಪಾ. ನಿಂಗೋಸ್ಕರ ಓಡಾಡಿ ನಮ್ಮನೇದು ಹಿಡಿಯಕ್ಕೇ ಆಗ್ಲಿಲ್ಲ." ಇಲ್ಲ ಎನ್ನುವ ಬಾಯಿ ಮೋಹನ್‌ಬಾಬುಗೆ ಹುಟ್ಟಿನಿಂದಲೂ ಇರಲಿಲ್ಲ. ತಪ್ಪು ಬೇರೆ ಅವನದೇ. ಮೊಗೆದು ಮೊಗೆದು ಕೊಟ್ಟ. ವೆಂಕಟರತ್ನಮ್ಮ ಮೂರು ಬಿಂದಿಗೆ ಒಯ್ದರು. ಆರೂವರೆಗೆ ವರಾಂಡದ ಡ್ರಮ್ಮುಗಳ ತಳ ಕಂಡಿತು. ಏಳಕ್ಕೆ ಅಡಿಗೆಮನೆಯದೂ ಮುಗಿಯಿತು.

ಅದೇ ವೇಳೆಗೆ ಗೇಟಿನ ಮುಂದೆ ಕಾರು ನಿಂತಿತು. ಮೌನಿಕಾ ಸೊಂಟ ಹಿಡಿದುಕೊಂಡು ಇಳಿದಳು. ಹಿಂದೆಯೇ ಅಕ್ಕಯ್ಯಮ್ಮ. ಹೊಸ್ತಿಲು ದಾಟಿದ ಅವರ ಕಾಲು ಪಾದದವರೆಗೆ ಮುಳುಗಿತು.

"ನೀರಿಲ್ಲ ನೀರಿಲ್ಲ ಅಂತಾರಲ್ಲ ಬಾಬು ಈ ಊರಲ್ಲಿ!" ಎಂದು ಅಕ್ಕಯ್ಯಮ್ಮ ಸೀರೆ ಎತ್ತಿ ಹಿಡಿದರು. "ಬಸುರಿ ಹೆಂಗ್ಸು ಕಾಲಿಡೋ ಜಾಗಾನಾ ಇದು?" ನೇರ ಅಡಿಗೆಮನೆಗೆ ಹೋಗಿ ಡ್ರಮ್ಮಿನ ಮುಚ್ಚಳ ತೆಗೆದರು. ಒಳಗೆ ಇಣುಕಿದರು. ಮತ್ತೆ ಮುಚ್ಚಿದರು.

ಮೋಹನ್‌ಬಾಬು ಬೆಳಗಿನಿಂದ ಆದದ್ದೆಲ್ಲ ಹೇಳಿದ. ಪೈಪು ಹೇಗೆ ಮಡಚಲಿಲ್ಲ ಎಂಬಲ್ಲಿಗೆ ಬಂದಾಗ ಮೌನಿಕಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. "ಹೋಗ್ಲಿ ಬಿಡಣ್ಣಾ" ಎಂದಳು. ಅವಳು ಹಾಗೆ ಅಂದದ್ದಕ್ಕೇ ಅವನಿಗೆ ಹೆಚ್ಚು ನೋವಾಯಿತು. ತಂಗಿಗೆ ಮಾಡಬೇಕಾದ್ದು ಒಂದೇ ಒಂದು ಕಾರ್ಯ, ಅದೂ ಕೈತಪ್ಪಿತ್ತು.

ಅಕ್ಕಯ್ಯಮ್ಮ ಸೆರಗು ಬಿಗಿದುಕೊಂಡು ನಿಂತರು. "ಆಯ್ತು, ಅಳೋದು ಬೇಡ. ಕಾರ್ಯ ನಮ್ಮನೇಲಿ. ಶೋಭಾ, ನೆನೀದೆ ಉಳಿದಿರೋದೆಲ್ಲಾ ಕಾರಿಗೆ ಹಾಕಮ್ಮಾ. ಬಾಬು, ಬರೋರಿಗೆಲ್ಲಾ ನೀವೇ ಫೋನ್ ಮಾಡಿ, ಗೌರಿಬಿದನೂರಿಗೆ ಬನ್ನಿ ಅನ್ನಿ."

ಮೋಹನ್‌ಬಾಬು ತಲೆಯಾಡಿಸಿದ. ಅಕ್ಕಯ್ಯಮ್ಮ ಕಾರಿನ ತನಕ ಹೋದವರು ಮತ್ತೆ ತಿರುಗಿ ಬಂದು, ಗೇಟಿನ ಹತ್ತಿರ ಬಿದ್ದಿದ್ದ ನೀಲಿ ಪೈಪನ್ನು ಕಾಲಿನಿಂದ ಒತ್ತಿ ನೋಡಿದರು. ಬಗ್ಗಿ ಕೈಯಿಂದಲೂ ಒಮ್ಮೆ ಅಮುಕಿದರು.

"ಮಾಲು ಒಳ್ಳೇದೇ ಬಾಬು. ಹೆಂಗಾದ್ರೂ ಬಿಚ್ಚಿ ಇದನ್ನೂ ಕಾರಿಗೆ ಹಾಕ್ಸಿ. ನಮ್ಮನೆ ನಲ್ಲಿಗೆ ತಿರುಪು ಐತೆ."