ಬೀರುವಿನಲ್ಲಿರುವ ಟಾರ್ಚನ್ನು ಬಿಡುಗಡೆ ಮಾಡುವ ಬಗ್ಗೆ

ಇಂದ,
ಬಾಳೇಶ ಯಲ್ಲಪ್ಪ ಹೊಸಮನಿ,
ರೂಮ್ ನಂಬರ್ 204, ಕಿಟಕಿ ಪಕ್ಕದ ಮಂಚ.

ಗೆ,
ಶ್ರೀಮತಿ ಬೋರಮ್ಮನವರು,
ಮಾಲೀಕರು, ಜೆಂಟ್ಸ್ ಪಿಜಿ ಮತ್ತು ಅದರ ಹಿಂದಿನ ದನದ ಕೊಟ್ಟಿಗೆ,
ಮೂಡಲಪಾಳ್ಯ, ಬೆಂಗಳೂರು.

ವಿಷಯ: ತಮ್ಮ ಕಬ್ಬಿಣದ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇರಿಸಲಾಗಿರುವ ನನ್ನ ಎಲ್‌ಇಡಿ ಟಾರ್ಚನ್ನು ವಾಪಸು ಕೊಡುವ ಬಗ್ಗೆ ಹಾಗೂ ಇತರೆ.

ಉಲ್ಲೇಖ: 1) ಕಳೆದ ಭಾನುವಾರ ಸಂಜೆ ಕೊಟ್ಟಿಗೆಯಲ್ಲಿ ತಾವು ಹೊರಡಿಸಿದ ಮೌಖಿಕ ಆದೇಶ (ಬೈಗುಳಗಳನ್ನು ಹೊರತುಪಡಿಸಿ).
2) "ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಯ್ತದೆ, ಏನಿದ್ರೂ ಬರ್ದು ಕೊಡು" ಎಂಬ ಪಿಜಿಯ ಶಾಶ್ವತ ನಿಯಮ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ನಾನು ಗೋಕಾಕದ ಕಡೆಯವನಾಗಿದ್ದು, ವಿಜಯನಗರದ ಟೈಲ್ಸ್ ಅಂಗಡಿಯೊಂದರಲ್ಲಿ ಬಿಲ್ ಬರೆಯುವ ಕೆಲಸದಲ್ಲಿರುತ್ತೇನೆ. ಪಿಜಿಗೆ ಸೇರುವಾಗ ತಾವು ಕೊಟ್ಟ ಫಾರಂನಲ್ಲಿ 'ವಿಶೇಷ ಪರಿಣತಿ' ಎಂಬ ಜಾಗ ಖಾಲಿ ಬಿಡಬಾರದೆಂದು 'ಟಾರ್ಚ್' ಎಂದು ಬರೆದಿದ್ದೆ. ಟಾರ್ಚುಗಳ ವಿಡಿಯೋಗಳನ್ನು ಬಹಳ ನೋಡಿದ್ದೇನೆ ಎಂಬುದು ಅದರ ಅರ್ಥವಾಗಿತ್ತು. ತಾವು ಅದನ್ನು ನಂಬಿದಿರಿ. ಮುಂದಿನ ಎಲ್ಲಾ ಅನಾಹುತಗಳಿಗೆ ಈ ನಂಬಿಕೆಯೇ ಮೂಲ ಕಾರಣವಾಗಿರುತ್ತದೆ.

2. ಕಳೆದ ತಿಂಗಳು ತಾವು ಕೊಟ್ಟಿಗೆಯ ಗೂಟಕ್ಕೆ ನೇತುಹಾಕುವ ಬೆರಳುದ್ದದ ಟಾರ್ಚನ್ನು ನನ್ನ ಕೈಗಿತ್ತು, "ಬೆಳಕು ಮಂಕಾಗೈತೆ, ಒಸಿ ನೋಡಪ್ಪ" ಎಂದಿದ್ದಿರಿ. ಅದಕ್ಕೆ ಬೇಕಿದ್ದದ್ದು ಗೋಡೆ ಗಡಿಯಾರಕ್ಕೆ ಹಾಕುವ ಮಾಮೂಲಿ ಪೆನ್ಸಿಲ್ ಸೆಲ್. ಒಂದೂವರೆ ವೋಲ್ಟ್ ಎಂದು ಟಾರ್ಚಿನ ಮೈಮೇಲೆಯೇ ಅಚ್ಚಾಗಿತ್ತು. ನಾನು ಅದನ್ನು ಓದಲಿಲ್ಲ. ತಜ್ಞನಾದವನು ಓದಬಾರದೆಂದು ಭಾವಿಸಿದ್ದೆ. ಅದೇ ಉದ್ದ, ಅದೇ ದಪ್ಪದ, ಆದರೆ ಸುಮಾರು ನಾಲ್ಕು ವೋಲ್ಟಿನ ಚಾರ್ಜ್ ಮಾಡುವ ಸೆಲ್ ಹಾಕಿದೆ. ಟಾರ್ಚು ಎರಡು ಸೆಕೆಂಡು ಸೂರ್ಯನಂತೆ ಬೆಳಗಿತು. ಮೂರನೇ ಸೆಕೆಂಡಿಗೆ ವಾಸನೆ ಬಂತು. ತಾವು ಕೇಳಿದಾಗ "ಸರ್ವಿಸ್‌ಗೆ ಕೊಟ್ಟೀನ್ರಿ ಅವ್ವಾರ" ಎಂದು ಹೇಳಿದ್ದು ಸುಳ್ಳು. ಅದು ನನ್ನ ಸೂಟ್‌ಕೇಸಿನಲ್ಲಿತ್ತು.

3. ಹೀಗಿರುವಾಗ, ಕಳೆದ ಭಾನುವಾರ ಬೀದಿಯ ಟ್ರಾನ್ಸ್‌ಫಾರ್ಮರ್ ಕೆಲಸದ ಕಾರಣ ಬೆಳಿಗ್ಗೆ ಒಂಬತ್ತಕ್ಕೇ ಕರೆಂಟು ಹೋಯಿತು. ಪಿಜಿಯವರೆಲ್ಲ ಮೊಬೈಲಿನಲ್ಲಿ ಕ್ರಿಕೆಟ್ ನೋಡಿದ ಕಾರಣ ಸಂಜೆಯೊಳಗೆ ಎಲ್ಲಾ ಮೊಬೈಲುಗಳೂ ಸತ್ತವು. ಆರೂಮುಕ್ಕಾಲಿಗೆ ಕೊಟ್ಟಿಗೆಯಿಂದ ತಮ್ಮ ಕೂಗು ಕೇಳಿಸಿತು.

"ಲೋ ಬಾಳೇಶ, ಬ್ಯಾಟ್ರಿ ತತ್ತಾರೋ! ಗೌರಿಗೆ ನೋವು ಬಂದೈತೆ, ನೀರು ಒಡ್ದೈತೆ!"

ನಾನು ಎರಡನೇ ಮಹಡಿಗೆ ಓಡಿ, ಮೂರು ಮೂರು ಮೆಟ್ಟಿಲನ್ನು ಒಂದೇ ಸಲ ಹಾರಿ, ಬ್ಯಾಟರಿಯನ್ನು ತಂದೆ. ಬ್ಯಾಟರಿಯನ್ನು ಮಾತ್ರ. ತಾವು ಅದನ್ನು ಕೈಯಲ್ಲಿ ಹಿಡಿದು ನನ್ನನ್ನು ನೋಡಿದ ರೀತಿಯನ್ನು ಈ ಅರ್ಜಿಯಲ್ಲಿ ಬರೆಯಲಾಗುವುದಿಲ್ಲ. ಹಳಬರು ಟಾರ್ಚಿಗೇ ಬ್ಯಾಟ್ರಿ ಎನ್ನುತ್ತಾರೆ. ನಮ್ಮಪ್ಪನೂ ಹಾಗೇ ಎನ್ನುತ್ತಾನೆ. ಆದರೂ ಆ ಕ್ಷಣದಲ್ಲಿ ತಾಂತ್ರಿಕವಾಗಿ ಯೋಚಿಸಿದ್ದು ನನ್ನ ತಪ್ಪು.

4. ಅಷ್ಟರಲ್ಲಿ ತಾವು ಲೈಟಿಲ್ಲದ ತಮ್ಮ ಹಳೇ ಡಬ್ಬಾ ಫೋನಿನಿಂದ ದನದ ಡಾಕ್ಟರಿಗೆ ಫೋನು ಹಚ್ಚಿದ್ದಿರಿ. ಅವರು ಕೆಂಗೇರಿಯಿಂದ ಬರಲು ಒಂದು ಗಂಟೆಯಾಗುತ್ತದೆಂದೂ, ಎರಡು ಗೊರಸು ಮತ್ತು ಅವುಗಳ ಮೇಲೆ ಮೂಗು ಕಂಡರೆ ಭಯವಿಲ್ಲವೆಂದೂ, ಗೊರಸಿನ ಅಂಗಾಲು ಮೇಲ್ಮುಖವಾಗಿದ್ದರೆ ಕರು ಅಡಿಮೇಲಾಗಿರಬಹುದಾದ್ದರಿಂದ ಯಾರೂ ಎಳೆಯಕೂಡದೆಂದೂ ಹೇಳಿದರು. ಅದನ್ನು ನೋಡಲು ಬೆಳಕು ಬೇಕಿತ್ತು. ಸುತ್ತ ಒಣಹುಲ್ಲು ಇದ್ದ ಕಾರಣ ದೀಪ ಹಚ್ಚುವಂತಿರಲಿಲ್ಲ. ಹೆಡ್‌ಲೈಟ್ ಬಿಡೋಣವೆಂದರೆ ಓಣಿ ಕಿರಿದಾದ ಕಾರಣ ಬೈಕ್ ಒಳಗೆ ಬರುವಂತಿರಲಿಲ್ಲ. ಕೊಟ್ಟಿಗೆಯ ಟಾರ್ಚು ಸೂಟ್‌ಕೇಸಿನಲ್ಲಿ ಸುಟ್ಟುಹೋಗಿ ಮಲಗಿತ್ತು. ಆದ್ದರಿಂದ ಉಳಿದದ್ದು ನನ್ನ ಸ್ವಂತ ಟಾರ್ಚು ಒಂದೇ.

5. ಅದನ್ನು ತಂದು ಒತ್ತಿದರೆ ಹತ್ತಲಿಲ್ಲ. ಹಿಂದಿನ ದಿನ ಎದುರು ಬೀದಿಯ ತೆಂಗಿನ ಮರದಲ್ಲಿ ಎಷ್ಟು ಕಾಯಿ ಇವೆಯೆಂದು ದರ್ಶನ್‌ಗೆ ತೋರಿಸಲು ಪೂರ್ತಿ ಚಾರ್ಜು ಖರ್ಚು ಮಾಡಿದ್ದೆ. ದರ್ಶನ್ ನನ್ನ ರೂಮ್‌ಮೇಟ್, ಮಂಡ್ಯದವನು, ತಮಗೆ ಗೊತ್ತಿರುವಂತೆ ಪ್ರತಿಯೊಂದಕ್ಕೂ ಒಂದು ಐಡಿಯಾ ಇಟ್ಟುಕೊಂಡಿರುತ್ತಾನೆ. ಅವನು ಹಾಳಾದ ಪವರ್ ಬ್ಯಾಂಕ್ ಬಿಚ್ಚಿ ಒಂದು ಸೆಲ್ ತಂದ. ದಪ್ಪ ಸರಿ, ಉದ್ದ ಸರಿ, ಆದರೆ ತುದಿ ಚಪ್ಪಟೆ. ನನ್ನ ಟಾರ್ಚಿಗೆ ತುದಿಯಲ್ಲಿ ಮೂಗು ಇರುವ ಸೆಲ್ಲೇ ಬೇಕು. ಇಲ್ಲದಿದ್ದರೆ ಒಳಗೆ ತಾಗುವುದೇ ಇಲ್ಲ.

"ಮಚ್ಚಾ, ಒಂದ್ ಚೂರು ಸಿಲ್ವರ್ ಪೇಪರ್ ಇಡು, ತಾಗ್ತದೆ" ಎಂದ.

"ಬ್ಯಾಡೋ, ಶಾರ್ಟ್ ಆಗಿ ಕೈಯಾಗ ಸಿಡೀತೈತಿ. ಹುಲ್ಲು ಐತಿ ಇಲ್ಲೆ" ಎಂದೆ.

ಆ ಸಂಜೆ ನಾನು ತೆಗೆದುಕೊಂಡ ಸರಿಯಾದ ತೀರ್ಮಾನ ಇದೊಂದೇ. ದಯಮಾಡಿ ದಾಖಲೆಯಲ್ಲಿ ಸೇರಿಸಬೇಕು.

6. ಕಾರಣ, ಚಂದ್ರಾ ಲೇಔಟಿನಲ್ಲಿರುವ ರೇವಣಸಿದ್ದಪ್ಪನವರ ಎಲೆಕ್ಟ್ರಿಕಲ್ ಅಂಗಡಿಗೆ ದರ್ಶನ್‌ನ ಬೈಕಿನಲ್ಲಿ ಹೋದೆವು. ಅಲ್ಲಿ ಕರೆಂಟು ಇತ್ತು.

"ಮೂಗಿರೋ ಸೆಲ್ಲೋ, ಚಪ್ಪಟೇದೋ?"

"ಮೂಗಿರೂದು ಕೊಡ್ರಿ."

"ಅದ್ರಲ್ಲೂ ಎರಡಿದೆ. ಒಳಗೆ ರಕ್ಷಣೆ ಸರ್ಕ್ಯೂಟ್ ಇರೋದು ಒಂಚೂರು ಉದ್ದ ಬರುತ್ತೆ. ಟಾರ್ಚ್ ಕೊಡಿ, ಹಾಕಿ ನೋಡೋಣ."

ಟಾರ್ಚು ಕೊಟ್ಟಿಗೆಯಲ್ಲಿತ್ತು. ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಯಿತು.

"ಅಲ್ಲಪ್ಪಾ, ಚಪ್ಪಲಿ ಅಂಗಡಿಗೆ ಕಾಲು ಮನೇಲಿ ಬಿಟ್ಟು ಬಂದ್ಯಾ? ಎರಡೂ ತಗೊಂಡು ಹೋಗು. ಕೂತ್ಕೊಳ್ಳೋದು ಇಟ್ಕೋ, ಇನ್ನೊಂದು ವಾಪಸ್ ತಾ."

ಇಷ್ಟಕ್ಕೇ ಹೊರಟಿದ್ದರೆ ನಾನು ಮನುಷ್ಯನಾಗಿರುತ್ತಿದ್ದೆ. ಆದರೆ ಗಾಜಿನ ಪೆಟ್ಟಿಗೆಯಲ್ಲಿ ಟಾರ್ಚನ್ನು ಹಣೆಗೆ ಕಟ್ಟಿಕೊಳ್ಳುವ ಪಟ್ಟಿಯೂ, ಟಾರ್ಚಿನ ಬಾಯಿಗೆ ಹಾಕುವ ಹಸಿರು ಗಾಜಿನ ಮುಚ್ಚಳವೂ ಕಂಡವು. ಗೌರಿ ನೋವು ತಿನ್ನುತ್ತಿದ್ದ ಹೊತ್ತಿನಲ್ಲಿ ಪಟ್ಟಿ ಕಪ್ಪಿರಲೋ ಕೆಂಪಿರಲೋ ಎಂದು ನಾನು ವ್ಯಯಿಸಿದ ನಾಲ್ಕು ನಿಮಿಷಗಳಿಗಾಗಿ ತಮ್ಮಲ್ಲೂ ಗೌರಿಯಲ್ಲೂ ಪ್ರತ್ಯೇಕವಾಗಿ ಕ್ಷಮೆ ಕೋರುತ್ತೇನೆ.

7. ವಾಪಸು ಬಂದಾಗ ಏಳೂ ಹತ್ತು. ಉದ್ದನೆಯ ಸೆಲ್ ಹಾಕಿದರೆ ಹಿಂದಿನ ತಿರುಪು ಕೂರಲಿಲ್ಲ. ಗಿಡ್ಡನೆಯದು ಕೂತಿತು, ಬೆಳಕು ಬಂತು, ಪಿಜಿಯವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಹಸಿರು ಮುಚ್ಚಳ ಹಾಕಿ, ಹಣೆಗೆ ಪಟ್ಟಿ ಕಟ್ಟಿ ಒಳಗೆ ಬಂದೆ. ಪಟ್ಟಿ ಇನ್ನೂ ದಪ್ಪನೆಯ ಟಾರ್ಚಿನದಾಗಿದ್ದ ಕಾರಣ ಟಾರ್ಚು ಜಾರಿ ನನ್ನ ಮೂಗಿನ ಮೇಲೆ ಕೂತಿತು. ತಾವು ಗೌರಿಯ ಹಿಂದೆ ಕೂತು "ಏನೂ ಗೊತ್ತಾಯ್ತಿಲ್ಲ, ಎಲ್ಲಾ ಪಾಚಿ ಕಂಡಂಗೆ ಕಾಣ್ತೈತೆ" ಎಂದಿರಿ. ಮುಚ್ಚಳ ಕಿತ್ತು, ಬೆಳಕು ಹೆಚ್ಚಿಸಲು ಗುಂಡಿಯನ್ನು ಎರಡು ಸಲ ಒತ್ತಿದೆ. ಈ ಟಾರ್ಚಿನಲ್ಲಿ ಎರಡು ಸಲ ಒತ್ತಿದರೆ ಬೆಳಕು ಪಟಪಟನೆ ಮಿಂಚುತ್ತದೆ ಎಂಬುದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿತ್ತು. ಕೊಟ್ಟಿಗೆ ಆರ್ಕೆಸ್ಟ್ರಾ ವೇದಿಕೆಯಾಯಿತು. ಗೌರಿ ನನ್ನ ಮೊಣಕಾಲಿಗೆ ಒದ್ದಳು.

"ಆರ್ಸ್ಲಾ ಅದ್ನ! ಎಲ್ರೂ ಆಚಿಗೆ ನಡೀರಿ! ಅದೇನು ಹಸ ಈಯ್ಬೇಕೋ, ಬ್ಯಾಡ್ವೋ?"

ಆರಿಸಿದೆ. ಎಲ್ಲರೂ ಹೊರಗೆ ಹೋದರು. ತಾವು ಗೌರಿಯ ಬೆನ್ನು ಸವರುತ್ತಾ "ಏನಿಲ್ಲ ಕಣವ್ವ, ಏನಿಲ್ಲ" ಎನ್ನುತ್ತಿದ್ದಿರಿ. ನಾನು ಮೊಣಕಾಲು ಹಿಡಿದುಕೊಂಡು ಮೂಲೆಯಲ್ಲಿ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಒದ್ದೆ ಗೋಣಿ ನೆಲಕ್ಕೆ ಬಿದ್ದಂತೆ ಸದ್ದಾಯಿತು. ನಾವೆಲ್ಲ ಬೆಳಕಿಗಾಗಿ ಊರು ಸುತ್ತಿದ್ದೆವು. ಗೌರಿ ಕತ್ತಲಲ್ಲೇ ಕೆಲಸ ಮುಗಿಸಿದ್ದಳು.

8. ಆದರೆ ಕರುವಿನ ಸದ್ದಿರಲಿಲ್ಲ. "ಉಸಿರಾಡ್ತಿಲ್ಲ ಕಣೋ. ಬೆಳಕು ಬಿಡು, ಸಣ್ಣಗೆ" ಎಂದಿರಿ. ತಮ್ಮ ಧ್ವನಿ ಬದಲಾಗಿತ್ತು. ನಾನು ಈ ಸಲ ಗುಂಡಿಯನ್ನು ಒಂದೇ ಒಂದು ಸಲ, ದೇವರಿಗೆ ಕೈಮುಗಿದು ಒತ್ತಿದೆ. ಸಣ್ಣ ಬೆಳಕು ಬಂತು. ಅದನ್ನು ಎರಡೂ ಕೈಯಲ್ಲಿ ಕರುವಿನ ಮೂತಿಗೆ ಹಿಡಿದೆ. ತಾವು ಬೆರಳು ಹಾಕಿ ಕರುವಿನ ಬಾಯಿಯ ಲೋಳೆ ತೆಗೆದಿರಿ, ಮೂಗು ಒರೆಸಿದಿರಿ, ಹುಲ್ಲಿನ ಕಡ್ಡಿಯೊಂದನ್ನು ಅದರ ಮೂಗಿನ ಹೊಳ್ಳೆಯಲ್ಲಿ ಆಡಿಸಿದಿರಿ. ಏನೂ ಆಗಲಿಲ್ಲ. ಇನ್ನೊಮ್ಮೆ ಆಡಿಸಿದಿರಿ. ಆ ಹೊತ್ತಿನಲ್ಲಿ ನನ್ನ ಸುಳ್ಳೂ, ಸೂಟ್‌ಕೇಸಿನಲ್ಲಿದ್ದ ಸುಟ್ಟ ಟಾರ್ಚೂ ನೆನಪಾದವು. ಆಗ ಕರು ಸೀನಿತು. ಪೂರ್ತಿ ನನ್ನ ಮುಖಕ್ಕೆ. ನಾನು ಒರೆಸಿಕೊಳ್ಳಲಿಲ್ಲ, ಏಕೆಂದರೆ ಒರೆಸಿಕೊಂಡಿದ್ದರೆ ಬೆಳಕು ಅಲುಗಾಡುತ್ತಿತ್ತು.

9. ಡಾಕ್ಟರು ಬಂದು ತಾಯಿ ಮಗು ಇಬ್ಬರೂ ಕ್ಷೇಮವೆಂದರು. ತಾವು ಖುಷಿಯಲ್ಲಿದ್ದ ಸಮಯ ನೋಡಿ ನಾನು ಸೂಟ್‌ಕೇಸಿನ ವಿಷಯ ಒಪ್ಪಿಕೊಂಡೆ. ಖುಷಿ ಹೆಚ್ಚು ಹೊತ್ತು ಇರಲಿಲ್ಲ. "ನನ್ನ ಬ್ಯಾಟ್ರಿ ಬರೋಗಂಟ ನಿನ್ ಬ್ಯಾಟ್ರಿ ನನ್ ಬೀರೂನಲ್ಲಿ" ಎಂದು ಆದೇಶವಾಯಿತು.

10. ಸದರಿ ಆದೇಶವನ್ನು ಪಾಲಿಸಿ, ಕೊಟ್ಟಿಗೆಗೆಂದು ಹೊಸ ಟಾರ್ಚು ತಂದಿರುತ್ತೇನೆ. ಈ ಸಲ ಮೈಮೇಲಿದ್ದದ್ದನ್ನು ಓದಿ ತಂದಿದ್ದೇನೆ. ಮೂಡಲಪಾಳ್ಯದ ಯಾವ ಕಿರಾಣಿ ಅಂಗಡಿಯಲ್ಲಾದರೂ ಸಿಗುವ ಪೆನ್ಸಿಲ್ ಸೆಲ್ ಒಂದೇ ಸಾಕು. ಒಂದೇ ಗುಂಡಿ, ಒಂದೇ ಬೆಳಕು. ಎಷ್ಟು ಒತ್ತಿದರೂ ಮಿಂಚುವುದಿಲ್ಲ. ಅಂಗಡಿಯಲ್ಲೇ ನಲವತ್ತು ಸಲ ಒತ್ತಿ ನೋಡಿ, ರೇವಣಸಿದ್ದಪ್ಪನವರಿಂದ ಬೈಸಿಕೊಂಡಿರುತ್ತೇನೆ.

ಆದ್ದರಿಂದ, ಈ ಮೇಲಿನ ಎಲ್ಲಾ ಕಾರಣಗಳನ್ನು ಪರಿಗಣಿಸಿ, ನನ್ನ ಟಾರ್ಚನ್ನು ಸೀರೆಗಳಿಂದ ಬಿಡುಗಡೆ ಮಾಡಬೇಕೆಂದೂ, ಫಾರಂನಲ್ಲಿ ನಾನು ಬರೆದಿರುವ 'ಟಾರ್ಚ್' ಎಂಬ ಪದವನ್ನು ಹೊಡೆದುಹಾಕಿ 'ಇಲ್ಲ' ಎಂದು ತಿದ್ದಲು ಅನುಮತಿ ನೀಡಬೇಕೆಂದೂ ಪ್ರಾರ್ಥಿಸುತ್ತೇನೆ.

ತಮ್ಮ ವಿಶ್ವಾಸಿ (ಇನ್ನು ಮುಂದೆ),
ಬಾಳೇಶ ಯ. ಹೊಸಮನಿ

ಲಗತ್ತುಗಳು:
1. ತಮ್ಮ ಹಳೆಯ ಟಾರ್ಚು, ಸುಟ್ಟ ಸ್ಥಿತಿಯಲ್ಲಿ.
2. ಹೊಸ ಟಾರ್ಚು, ನೇತುಹಾಕುವ ದಾರ ಸಹಿತ.
3. ನನ್ನ ಮೊಣಕಾಲಿನ ಫೋಟೊ.
4. ದರ್ಶನ್‌ನ ಸಾಕ್ಷಿ ಹೇಳಿಕೆ (ಓದದೆ ಸಹಿ ಹಾಕಿದ್ದು).

ವಿ.ಸೂ.: ವಿಷಯದಲ್ಲಿ 'ಇತರೆ' ಎಂದಿರುವುದು ಈ ಕೆಳಗಿನಂತಿದೆ. ಕರುವಿಗೆ ತಾವು ನನ್ನ ಹೆಸರಿಟ್ಟಿರುವುದು ಹೆಮ್ಮೆಯ ಸಂಗತಿ. ಆದರೆ ದಿನಾ ಬೆಳಿಗ್ಗೆ ಆರು ಗಂಟೆಗೆ ತಾವು ಹಿತ್ತಲಿನಿಂದ "ಬಾಳೇಶಾ, ಬಾರೋ ಮಗಾ, ಹಾಲು ಕುಡಿಯೋ" ಎಂದು ಕರೆಯುತ್ತಿದ್ದು, ಈಗಾಗಲೇ ಎರಡು ಸಲ ನಾನು ಲೋಟ ಹಿಡಿದು ಬಂದು ನಿಂತಿರುತ್ತೇನೆ. ಆದ ಕಾರಣ ಇನ್ನು ಮುಂದೆ ಕರುವನ್ನು ಕರೆಯುವಾಗ ದಯಮಾಡಿ ಅದರ ತಾಯಿಯ ಇನಿಷಿಯಲ್ ಸೇರಿಸಿ ಕರೆಯಬೇಕೆಂದು ಕೋರಿಕೆ.