ದೆವ್ವದ ಆಟದಲ್ಲಿ ಸಿಕ್ಕ ಊರವನು

"ಒಂದ ತಾಸು ಸಾಕು! ಆ ಆಟ ಚಲೋದೋ ಕೆಟ್ಟದ್ದೋ ನಾ ಹೇಳ್ತೀನಿ!" ಎಂದು ಭೀಮಣ್ಣ ಅಂಗಿಯ ತೋಳು ಮಡಚಿದ.

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಹದಿನೆಂಟು ವರ್ಷದಿಂದ ಉಳ್ಳಾಗಡ್ಡಿ ಆರಿಸುವವನು ಅವನು. ಚೀಲದ ಬಾಯಿ ಬಿಚ್ಚುವ ಮೊದಲೇ ಒಳಗಿನ ಕೊಳೆತದ್ದನ್ನು ಹೇಳುತ್ತಾನೆ. ಓದಿದ್ದು ಮೂರನೇ ಇಯತ್ತೆ. ಆದರೇನು, ಮೂಗಿಗೆ ಇಯತ್ತೆ ಬೇಕೆ?

ಈ ಸಲ ಪರೀಕ್ಷೆಗೆ ನಿಂತದ್ದು ಮಗಳು ಶೀತಲ ಮೊಬೈಲಿನಲ್ಲಿ ಆಡುವ ದೆವ್ವದ ಆಟ. ನಾಲ್ಕು ಜನ ಹಾಳು ವಾಡೆಯೊಳಗೆ ಕೀಲಿ ಹುಡುಕಬೇಕು, ದೆವ್ವ ಬೆನ್ನು ಹತ್ತುತ್ತದೆ. ಆಡುವವರು ಎಲ್ಲೆಲ್ಲೋ ಕೂತು ಪರಸ್ಪರ ಮಾತಾಡಬಹುದು. ಗೆಳತಿ ಸ್ನೇಹಲ್ ಶಿರೂರಿಗೆ ಹೋದ ಮೇಲೆ ಹನ್ನೆರಡು ವರ್ಷದ ಶೀತಲಳಿಗೆ ಅವಳು ಸಿಗುವುದು ಆ ವಾಡೆಯಲ್ಲೇ.

"ಕೂಸು ನಿದ್ದ್ಯಾಗ ಬೆಚ್ಚತದ. ತೆಗದ ಒಗೀರಿ ಅದನ್ನ!" ಎಂದಳು ಹೆಂಡತಿ ಹುಲಿಗೆವ್ವ.

"ನೋಡದ ಒಗಿಯೋದು ನ್ಯಾಯ ಅಲ್ಲ. ನಾನ ಆಡಿ ನೋಡ್ತೀನಿ."

"ನೀವು? ಜೇಜುರಿ ಗುಡಿ ಮೆಟ್ಟಲಮ್ಯಾಲ ಮಂಗ್ಯಾ ಕಂಡ ಓಡಿದವರು!"

"ಅದು ಪ್ರಸಾದ ಉಳಿಸಾಕ ಓಡಿದ್ದು!"

ಶೀತಲ ಮೊಬೈಲ್ ಕೊಟ್ಟಳು. "ಅಪ್ಪಾ, ನೀ ಬ್ಯಾಡ ಅಂದ್ರ ಸ್ನೇಹಲ್ ಜೋಡಿ ಮಾತ ಮುಗೀತು. ಗಿರಣಿಗೆ ಹೋಗಿ ಬರ್ತೀನಿ, ಅಲ್ಲೀಮಟ ಏನೂ ಒತ್ತಬ್ಯಾಡ."

ಅವಳು ಹೊಸ್ತಿಲು ದಾಟುವುದೇ ತಡ, ಭೀಮಣ್ಣ ಎಲ್ಲಕ್ಕಿಂತ ದೊಡ್ಡ ಗುಂಡಿಯನ್ನೇ ಒತ್ತಿದ! ಗುರುತಿಲ್ಲದ ಮೂವರ ಜೊತೆ ವಾಡೆಯೊಳಗೆ ಬಿದ್ದ. ಎದುರಿಗೆ ಜಡೆ ಬಿಚ್ಚಿದ ದೆವ್ವ!

"ಏಳುಕೋಟಿ ಏಳುಕೋಟಿಗೋ!" ಎಂದು ಮೈಲಾರಲಿಂಗನನ್ನು ಕೂಗಿದ.

ಮೊಬೈಲಿನೊಳಗಿಂದ ಗಂಡು ದನಿ ಬಂತು. "ಅಣ್ಣಾರ, ನಮ್ಮವರೇನ್ರಿ? ಯಾವೂರು?"

ಪರಸ್ಥಳದಲ್ಲಿ ಕನ್ನಡ! ಭೀಮಣ್ಣ ಕರಗಿ ನೀರಾದ. ಊರು ಕೇಳಿದವನಿಗೆ ಪೂರಾ ಹೇಳದಿದ್ದರೆ ಮರ್ಯಾದೆಯೇ?

"ಯಾದಗಿರಿ ಕಡೀದವ್ರಿ, ಈಗ ಪುಣೇದಾಗ ಇರ್ತೀವಿ. ನಿಮ್ಮದು?"

"ಅಲ್ಲೇ ಬಾಜೂಕ. ಪುಣೇದಾಗ ಎಲ್ಲಿ ಇರ್ತೀರಿ?"

"ಗುಲ್ಟೇಕಡಿ. ನೀರಿನ ಟಾಕಿ ಹಿಂದ, ಮೂರನೇ ಗಲ್ಲಿ, ಹಸರ ಬಾಗಿಲ."

"ಮಕ್ಕಳು?"

"ಒಬ್ಬಾಕಿ, ಆರನೇ ಇಯತ್ತೆ." ಶಾಲೆಯ ಹೆಸರನ್ನೂ ಹೇಳಿದ. "ನಾ ನಸುಕಿನ್ಯಾಗ ಹೋಗ್ತೀನಿ, ಅಕಿ ಅವ್ವ ಎಂಟಕ್ಕ. ಸಾಲಿ ಹತ್ತಕ್ಕ."

"ಎರಡ ತಾಸು ಒಬ್ಬಾಕೀನ ಇರ್ತಾಳನ್ರಿ?"

"ಹೌದ್ರಿ, ಭಾಳ ಶಾಣ್ಯಾಕಿ!"

"ಹಬ್ಬಕ್ಕ ಊಟಕ್ಕ ಬರ್ರಿ ಅನ್ನ್ರಿ!" ಎಂದು ಒಲೆಯ ಮುಂದಿನಿಂದ ಹುಲಿಗೆವ್ವನೂ ಕೂಗಿದಳು.

ಅಷ್ಟರಲ್ಲಿ ಶೀತಲ ಹಿಟ್ಟಿನ ಡಬ್ಬಿ ಇಳಿಸಿದವಳೇ ಮೊಬೈಲ್ ಕಿತ್ತುಕೊಂಡು ಆಟ ಮುಚ್ಚಿದಳು.

"ಯಾರಪ್ಪಾ ಅಂವಾ?"

"ನಮ್ಮೂರ ಕಡಿ ಮನಷ್ಯಾ. ಭಾಳ ಚಲೋ."

"ಹೆಸರು?"

"ಅದನ್ನ ಕೇಳಲಿಲ್ಲ."

"ಹೋಗ್ಲಿ, ಯಾವೂರು?"

"ಬಾಜೂಕ…"

"ಯಾವುದರ ಬಾಜೂಕ?"

ಆಗ ಭೀಮಣ್ಣನಿಗೆ ಹೊಳೆಯಿತು. ತನ್ನದೆಲ್ಲ ಕೊಟ್ಟಿದ್ದ, ಅವನದು ಒಂದಕ್ಷರವೂ ಬಂದಿರಲಿಲ್ಲ. ಅವನು ಒಳ್ಳೆಯವನೇ ಇರಬಹುದು. ಆದರೆ ಅದು ಗೊತ್ತಾಗುವುದು ಹೇಗೆ? ದೆವ್ವವಾದರೂ ಹಲ್ಲು ತೋರಿಸಿಕೊಂಡೇ ಬಂದಿತ್ತು.

"ನೀ ಏನ ಮಾಡ್ತಿ ಹಂತವ್ರು ಬಂದ್ರ?" ಎಂದು ಮೆಲ್ಲಗೆ ಕೇಳಿದ.

"ಸ್ನೇಹಲ್ ಬಿಟ್ಟರ ಯಾರ ಜೋಡೀನೂ ಮಾತಾಡಂಗಿಲ್ಲ. ಅಲ್ಲಿ ನನ್ನ ಹೆಸರೂ ಬ್ಯಾರೆ. ಯಾರರ ಮನಿ ಕೇಳಿದ್ರ ಹೊರಗ ಬಂದು ಕಂಪ್ಲೇಂಟ್ ಹಾಕ್ತೀನಿ. ಈಗ ಇವಂದೂ ಹಾಕ್ತೀನಿ."

ಹುಲಿಗೆವ್ವ ಸೆರಗಿನಿಂದ ಕೈ ಒರೆಸಿಕೊಂಡಳು. "ಅಕಿ ಆಡ್ಲಿ ಬಿಡ್ರಿ. ಆದ್ರ ಕತ್ತಲಾದ ಮ್ಯಾಲ ಬ್ಯಾಡ. ನಾಳಿಂದ ಅಕೀನ್ನ ಸಾಲಿಗೆ ನಾನ ಬಿಟ್ಟು ಕೆಲಸಕ್ಕ ಹೋಗ್ತೀನಿ."

ಭೀಮಣ್ಣ ತಲೆಯಾಡಿಸಿದ. ಒಂದು ವಾರ ಅವನೂ ಮಧ್ಯಾಹ್ನ ರಜೆ ಹಾಕಿ ಶಾಲೆಯ ಗೇಟಿನಲ್ಲಿ ನಿಂತ. ಯಾರೂ ಬರಲಿಲ್ಲ.

ಆಮೇಲೆ ಶೀತಲ ಆಟಕ್ಕೊಂದು ಬೀಗದ ನಂಬರು ಹಾಕಿದಳು.

"ನನಗೂ ಹೇಳವ್ವ, ನಿಮ್ಮಪ್ಪ ಅದೀನಿ."

"ಬ್ಯಾಡಪ್ಪಾ. ಯಾರರ 'ಯಾವೂರು' ಅಂತ ಕೇಳಿದ್ರ, ಊರಿನ ಜೋಡಿ ನಂಬರೂ ಹೇಳಿಬಿಡ್ತಿ!"